ಹಸಿ ತಾಟು

ನಮ್ಮ ಕೇರಿಯಿಂದ ಊರೊಳಗೆ ಹೋಗುವುದು ಹಸಿಯಾಗಿರಬೇಕು. ಊರೊಳಗಿನಿಂದ ಕೇರಿಗೆ ಬರುವುದು ಬೇಯಿಸಿದ್ದು, ಅದೂ ಉಂಡು ಉಳಿದದ್ದು. ಇದು ನಮ್ಮ ಊರಿನ ಕಟ್ಟಳೆ. ಊರು ಅಮೀನಗಡಕ್ಕೂ ಹುನಗುಂದಕ್ಕೂ ನಡುವೆ, ಡಾಂಬರು ರಸ್ತೆಯ ಮಗ್ಗುಲಿಗಿದೆ. ಹೆಸರು ಬೇಡ. ಇಂಥ ಊರುಗಳಿಗೆ ಆ ರಸ್ತೆಯಲ್ಲಿ ಬರವಿಲ್ಲ.

ದೀಪಾವಳಿಗೆ, ಯುಗಾದಿಗೆ ನಮ್ಮ ಹೆಂಗಸರು ದೊಡ್ಡ ಮನೆಗಳ ಹಿತ್ತಲ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಲ್ಲುತ್ತಿದ್ದರು. ಮೇಲಿನಿಂದ ಹೋಳಿಗೆ, ಅನ್ನ, ಪಲ್ಯ ಎಲ್ಲ ಒಂದೇ ಬುಟ್ಟಿಗೆ ಬೀಳುತ್ತಿತ್ತು. ಅದನ್ನು ನಾವು ತಿನ್ನಬಹುದಿತ್ತು. ಕ್ರಿಸ್ಮಸ್ಸಿಗೆ ನಾವು ಕೊಡುವಾಗ ಮಾತ್ರ ಅಕ್ಕಿ, ತೊಗರಿಬೇಳೆ, ಬೆಲ್ಲ, ಒಂದು ತೆಂಗಿನಕಾಯಿ, ಬಾಳೆಹಣ್ಣು. ಒಲೆ ಸೋಕಿರಬಾರದು. ಅದಕ್ಕೆ ಹಸಿ ತಾಟು ಎಂದು ಹೆಸರು.

ಹಬ್ಬದ ಹಿಂದಿನ ದಿನ ಹೆಂಗಸರು ತಾಟು ಹೊತ್ತು ದೊಡ್ಡ ಮನೆಗಳಿಗೆ ಹೋಗುತ್ತಿದ್ದರು. ಕಟ್ಟೆಯ ಕೆಳಗಿಟ್ಟು ದೂರ ಸರಿಯಬೇಕು. ಒಳಗಿನಿಂದ ಯಾರಾದರೂ ಬಂದು ನೀರು ಚಿಮುಕಿಸಿ ಎತ್ತಿಕೊಳ್ಳುವವರೆಗೆ ಬಿಸಿಲಲ್ಲಿ ನಿಲ್ಲಬೇಕು. ನೀರು ಬಿದ್ದ ಬೆಲ್ಲ ಕರಗಿ ಅಕ್ಕಿಗೆ ಅಂಟುತ್ತಿತ್ತು. ಆ ಅಕ್ಕಿಯನ್ನು ಗೌಡರ ಮನೆಯಲ್ಲಿ ಎತ್ತುಗಳಿಗೆ ಹಾಕುತ್ತಿದ್ದರು. ಹಾಕುತ್ತಿದ್ದ ಆಳು ನಮ್ಮವನೇ, ಅವನೇ ಹೇಳಿದ. ಒಟ್ಟಿನಲ್ಲಿ ಊರಿನ ಎತ್ತುಗಳು ನಮ್ಮ ಹಬ್ಬವನ್ನು ಚೆನ್ನಾಗಿ ಉಂಡವು.

ತಾಟು ಹೋದರೆ ಶಾಲೆಯ ಬಯಲು ಸಿಗುತ್ತಿತ್ತು. ಕ್ರಿಸ್ಮಸ್ ದಿನ ಮಧ್ಯಾಹ್ನ ಕೇರಿಯ ಮಕ್ಕಳು ಅಲ್ಲಿ ಯೇಸು ಹುಟ್ಟಿದ ನಾಟಕ ಆಡುತ್ತಿದ್ದರು. ಬಯಲನ್ನು ನಾವೇ ಗುಡಿಸಿ, ಸಗಣಿ ಸಾರಿಸಿ, ಚಪ್ಪರ ಹಾಕುತ್ತಿದ್ದೆವು. ಕುರ್ಚಿಗಳನ್ನು ನಾವೇ ಹೊತ್ತು ತರುತ್ತಿದ್ದೆವು. ಊರಿನವರು ಅವುಗಳ ಮೇಲೆ ಕುಳಿತು ನೋಡುತ್ತಿದ್ದರು. ನಾವು ನೆಲದ ಮೇಲೆ ಕುಳಿತು ನಮ್ಮ ಹಬ್ಬವನ್ನು ನೋಡುತ್ತಿದ್ದೆವು.

ಇದನ್ನು ನಿಲ್ಲಿಸಿದವಳು ಮಾರ್ತವ್ವ. ನನ್ನ ಹೆಂಡತಿ. ಸೂಲಗಿತ್ತಿ. ಊರಿನ ಯಾವ ಮನೆಯಲ್ಲಿ ಹೆರಿಗೆಯಾದರೂ ಅವಳನ್ನೇ ಕರೆಯುತ್ತಿದ್ದರು. ಹೆರಿಗೆಯಿಲ್ಲದ ದಿನ ಗೌಡರ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ಈಗ ಅವಳಿಲ್ಲ. ಹೋದ ಮಳೆಗಾಲದಲ್ಲಿ ಕರ್ತನು ಕರೆದುಕೊಂಡನು. ಅವನ ಚಿತ್ತ. ಅವಳು ಇದ್ದಾಗ ನನಗೆ ಮನೆಯಲ್ಲಿ ಪ್ರಾರ್ಥನೆಗೆ ಒಂದು ಗಳಿಗೆಯ ಮೌನ ಸಿಗುತ್ತಿರಲಿಲ್ಲ. ಈಗ ದಿನವೆಲ್ಲ ಮೌನವೇ. ಪ್ರಾರ್ಥನೆ ರುಚಿಸುವುದಿಲ್ಲ.

ಎಪ್ಪತ್ತೊಂಬತ್ತನೆಯ ಇಸವಿಯ ಡಿಸೆಂಬರ್. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಪ್ರಾರ್ಥನೆ ಮನೆಯಲ್ಲೇ ಸಭೆ ಕೂಡಿತು. ನಾನು ಸಭೆಯ ಹಿರಿಯ. ನಮ್ಮ ಉಪದೇಶಿ ದೇವದಾನಪ್ಪನವರು ಒಳ್ಳೆಯ ಮನುಷ್ಯ, ಸ್ವಲ್ಪ ಅಂಜುಬುರುಕರು. ಹಿಂದೆ ಅವರಿದ್ದ ಊರಿನಲ್ಲಿ ಹಬ್ಬದ ದಿನ ಹಾಡಿಕೊಂಡು ಹೊರಟವರ ಮೇಲೆ ಕಲ್ಲು ಬಿದ್ದಿದ್ದವು. ಅವರ ಹುಬ್ಬಿನ ಮೇಲೆ ಒಂದರ ಗುರುತಿತ್ತು.

"ಈ ವರ್ಷ ತಾಟು ಯಾರ್ಯಾರು ಹೊರ್ತೀರಿ?" ಎಂದು ಕೇಳಿದರು.

"ನಾ ಹೊರೂದಿಲ್ಲ," ಎಂದಳು ಮಾರ್ತವ್ವ.

"ಯಾಕವಾ? ಕಾಲು ನೋವಾ?"

"ಕಾಲು ಛಲೋ ಅದಾವು. ತಾಟು ಛಲೋ ಇಲ್ಲ."

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೇವದಾನಪ್ಪನವರು ಕನ್ನಡಕ ತೆಗೆದು ಒರೆಸಿದರು. "ನಂದೂ ಅದ ಮಾತು. ತಾಟೂ ಬ್ಯಾಡ, ಬಯಲೂ ಬ್ಯಾಡ. ನಮ್ಮ ಕರ್ತ ದನದ ಗ್ವಾದಲ್ಯಾಗ ಹುಟ್ಟ್ಯಾನ, ಊರ ಚಾವಡ್ಯಾಗಲ್ಲ. ಹಬ್ಬ ಇಲ್ಲೇ ಒಳಗ ಮಾಡೂನು. ಊರ ಮುಂದ ಯಾಕ ಬೇಕು?"

"ಗ್ವಾದಲ್ಯಾಗ ಹುಟ್ಟಿದ್ದು ಯಾರೂ ಜಾಗಾ ಕೊಡಲಿಲ್ಲ ಅಂತ, ಉಪದೇಶ್ಯಾರ. ಒಳಗ ಇರಬೇಕನ್ನೂ ಆಸೇಲೆ ಅಲ್ಲ. ಹುಟ್ಟಿದ ಕೂಡ್ಲೆ ಸುದ್ದಿ ಎಲ್ಲಿ ಹೋತು? ಅಡವ್ಯಾಗ ಕುರಿ ಕಾಯೋರಿಗೆ. ದೇವದೂತರು ಮುಗಲ ತುಂಬ ಹಾಡಿದ್ರು. ಬಾಗಲಾ ಹಾಕ್ಕೊಂಡು ಹಾಡಿದ್ರೇನು?"

"ಬಯಲು ಬೇಕಾದ್ರ ತಾಟು ಬೇಕಲ್ಲವಾ?"

"ಬೇಕು. ಬೇಯಿಸಿದ ತಾಟು."

ಮಾರ್ತವ್ವ ಎದ್ದು ನಿಂತಳು. ಹತ್ತಿಯ ಸಿಪ್ಪೆ ಚುಚ್ಚಿ ಚುಚ್ಚಿ ಅವಳ ಬೆರಳ ತುದಿಗಳು ಒಡೆದಿದ್ದವು.

"ಇನ್ನೊಂದು ಕೇಳ್ತೇನಿ. ಬೆತ್ಲೆಹೇಮಿನ್ಯಾಗ ಆ ಹೊತ್ತಿನ್ಯಾಗ ಕೂಸಿನ ಹೊಕ್ಕಳ ಕೊಯ್ದಾಕಿ ಯಾರು?"

ದೇವದಾನಪ್ಪನವರು ತಬ್ಬಿಬ್ಬಾದರು. ನಿಜವಾಗಿಯೂ ಪುಸ್ತಕ ತೆಗೆದು ಹುಡುಕಿದರು. "ಅದು ಬರದಿಲ್ಲವಾ," ಎಂದರು.

"ಬರದಿಲ್ಲ ಅಂದ್ರ ನಮ್ಮಾಕಿನ ಇರಬೇಕು. ನಮ್ಮಂಥವರ ಹೆಸರು ಯಾರು ಬರೀತಾರ?"

ತಗಡಿನ ಸೂರು ಅದುರುವ ಹಾಗೆ ನಗು ಎದ್ದಿತು. ದೇವದಾನಪ್ಪನವರೂ ನಕ್ಕರು. ನಗುತ್ತಲೇ ಹುಬ್ಬಿನ ಮೇಲಿನ ಗುರುತು ಮುಟ್ಟಿಕೊಂಡರು. ಶೇಂಗಾ ಹೋಳಿಗೆ, ಕರ್ಚಿಕಾಯಿ ಮಾಡಿ ಕೊಡುವುದು ಎಂದು ತೀರ್ಮಾನವಾಯಿತು. ಗೌಡರಿಗೆ ತಿಳಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಮಾರ್ತವ್ವ ಜೊತೆಗೆ ಬಂದಳು. ನಾನು ಕರೆದಿರಲಿಲ್ಲ.

ಶಂಕ್ರಪ್ಪಗೌಡರು ಪಂಚಾಯಿತಿಯ ಅಧ್ಯಕ್ಷರು. ಚಾವಡಿಯಲ್ಲಿ ಬಸವಣ್ಣನವರ ಫೋಟೋದ ಕೆಳಗೆ ಜಮಖಾನದ ಮೇಲೆ ಕುಳಿತಿದ್ದರು. ನಾವು ಮೆಟ್ಟಿಲ ಕೆಳಗೆ ನಿಂತೆವು.

"ಏನೋ ಹಿರ್ಯಾ, ತಾಟಿನ ತಯಾರಿ ನಡದೈತೇನು?" ಎಂದರು.

"ಈ ಸಲ ನಾವ ಅಡಗಿ ಮಾಡಿ ಕೊಡಬೇಕು ಅಂತ ಮಾಡೇವ್ರಿ," ಎಂದೆ.

ಗೌಡರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಕ್ಕರು. "ನಿಮ್ಮ ಕೇರ್ಯಾಗ ಕರದದ್ದು ನಮ್ಮ ಮನ್ಯಾಗ? ತಲಿ ಕೆಟ್ಟೈತೇನಲೇ?"

ಮಾರ್ತವ್ವ ಮುಂದೆ ಬಂದಳು. "ನಿಮ್ಮ ಮನ್ಯಾಗ ಬೇಯಿಸಿದ್ದು ವರ್ಷಾ ನಮ್ಮ ಮನಿಗೆ ಬರತೈತಲ್ರಿ. ನಮಗ್ಯಾರಿಗೂ ಹೊಟ್ಟಿ ಕಡದಿಲ್ಲ."

"ಅದು ಪದ್ಧತಿ."

"ಎಂಥಾ ಪದ್ಧತಿರಿ ಗೌಡ್ರ, ಬರೇ ಕೆಳಗ ಹರೀತೈತಿ?" ಅವಳು ಫೋಟೋದ ಕಡೆ ಕೈ ತೋರಿಸಿದಳು. "ಇವರು ಇದ್ದಿದ್ರ ಎಲ್ಲಿ ಉಣ್ಣತಿದ್ರು ಹೇಳ್ರಿ. ಇಲ್ಲೋ, ನಮ್ಮ ಮನ್ಯಾಗೋ?"

ಗೌಡರ ಮುಖದ ಬಣ್ಣ ತಿರುಗಿತು. "ಮಾರ್ತಿ, ನಾಲಿಗಿ ಬಿಗಿ ಹಿಡಿ. ನಿಮ್ಮ ಹಬ್ಬ ನಿಮ್ಮ ಮನ್ಯಾಗ ಮಾಡ್ಕೋರಿ. ಯಾರು ಬ್ಯಾಡ ಅಂದ್ರು? ಊರ ಮುಂದ ಯಾಕ ತರ್ತೀರಿ?"

"ನಿಮ್ಮ ಮನ್ಯಾಗ ಗಂಡು ಹುಟ್ಟಿದ್ರ ಊರ ತುಂಬ ಸಕ್ಕರಿ ಹಂಚ್ತೀರಿ. ನಮ್ಮ ಮನ್ಯಾಗ ಒಬ್ಬಾಂವ ಹುಟ್ಟ್ಯಾನ್ರಿ. ನಾವೂ ಹಂಚ್ತೇವಿ."

"ಬಯಲು ಇಲ್ಲ," ಗೌಡರು ಎದ್ದು ನಿಂತರು. "ನಾಟಕ ಇಲ್ಲ. ಊರಾಗ ನಿಮ್ಮ ಒಂದು ಹಾಡು ಕೇಳಬಾರದು. ನಾಳಿಂದ ಹತ್ತಿ ಬಿಡಸಾಕೂ ಬರಬ್ಯಾಡ್ರಿ. ಕೇರಿ ಮಂದಿ ಯಾರೂ ಹೊಲದಾಗ ಕಾಲಿಡಬಾರದು. ನಿಮ್ಮ ಹಬ್ಬದ ದಿನನ ನನ್ನ ಮಗಳು ಶಿರೂರಿಂದ ಹಡಿಯಾಕ ಬರಾಕತ್ತಾಳ. ನೀ ಸೊಕ್ಕಿಲೆ ನಿಂತಿ ಅಂತ ನಮ್ಮ ಕೆಲಸ ನಿಲ್ಲೂದಿಲ್ಲ. ಹುನಗುಂದದ ದವಾಖಾನಿ ದೂರಿಲ್ಲ."

"ಹೆರಿಗಿಗೆ ಬರೂದಿಲ್ಲ ಅಂದ್ನೇನ್ರಿ? ಕೂಸಿನ ಮ್ಯಾಲೆ ನನಗೇನು ಸಿಟ್ಟು? ಹಬ್ಬದ ಊಟಾ ಬಿಟ್ಟು ಬರ್ತೇನಿ. ತಾಟು ಮಾತ್ರ ಹೊರೂದಿಲ್ಲ."

ಹೊರಗೆ ಬಂದು ಊರ ಹೆಬ್ಬಾಗಿಲು, ಅಗಸಿ ದಾಟಿದೆವು. ಆಮೇಲೆ ಕೇಳಿದಳು, "ಏನ್ರೀ, ಅಲ್ಲಿ ನಿಮ್ಮ ಕಾಲು ಯಾಕ ನಡುಗತಿದ್ದು?"

"ಚಳಿ," ಎಂದೆ.

"ಹೌದೌದು. ಮಟಮಟ ಮಧ್ಯಾಹ್ನದಾಗ ಭಾಳ ಚಳಿ," ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮರುದಿನದಿಂದ ಕೇರಿಗೆ ಕೂಲಿ ನಿಂತಿತು. ಒಲೆಗಳು ಒಂದೇ ಹೊತ್ತು ಉರಿದವು. ಒಬ್ಬಿಬ್ಬರು ಹೆಂಗಸರು ಮನೆಯ ಮುಂದೆ ಬಂದು ಅತ್ತರು. "ನಿನ್ನ ಹಟಕ್ಕ ನಮ್ಮ ಕೂಸುಗಳು ಉಪವಾಸ," ಎಂದರು. ಮಾರ್ತವ್ವ ಮನೆಯ ಜೋಳವನ್ನು ಅವರೊಂದಿಗೆ ಹಂಚಿಕೊಂಡಳು. "ಹತ್ತಿ ಒಡದು ನಿಂತೈತಿ," ಎಂದಳು. "ಅದು ತಾನಾಗಿ ಗೌಡ್ರ ಮನಿಗೆ ನಡಕೊಂಡು ಹೋಗೂದಿಲ್ಲ. ತಡೀರಿ." ಒಡೆದ ಹತ್ತಿ ಗಾಳಿಗೆ ಹಾರಿ ನಮ್ಮ ಕೇರಿಯ ಜಾಲಿಮುಳ್ಳಿಗೆ ಸಿಕ್ಕಿಕೊಳ್ಳತೊಡಗಿತು. ಮಕ್ಕಳು ಅದನ್ನೇ ಕಿತ್ತು ನಾಟಕದ ಜೋಸೆಫನಿಗೆ ಗಡ್ಡ ಮಾಡಿದರು.

ಬಯಲು ಮಾತ್ರ ಇರಲಿಲ್ಲ. ದೇವದಾನಪ್ಪನವರು ಪ್ರಾರ್ಥನೆ ಮನೆಯೊಳಗೇ ಬೆಂಚು ಸರಿಸಿ ಅಳತೆ ನೋಡುತ್ತಿದ್ದರು. ಮಾರ್ತವ್ವ ಹೋಗಿ ಬಾಗಿಲಲ್ಲಿ ನಿಂತಳು.

"ಉಪದೇಶ್ಯಾರ, ಡಾಂಬರು ರಸ್ತೆ ಯಾರದು?"

"ಸರಕಾರದ್ದು."

"ಗೌಡ್ರದು ಅಲ್ಲಲ್ಲ?"

ದೇವದಾನಪ್ಪನವರು ಬೆಂಚು ಬಿಟ್ಟು ಅವಳನ್ನೇ ನೋಡಿದರು. ನಮ್ಮನ್ನು ಊರ ಹೊರಗೆ ಇಟ್ಟವರು ಒಂದು ಮಾತು ಮರೆತಿದ್ದರು. ರಸ್ತೆಯೂ ಊರ ಹೊರಗೇ ಇದೆ. ಬಾಗಲಕೋಟೆಯಿಂದ ಇಳಕಲ್ಲಿಗೆ ಹೋಗುವ ಬಸ್ಸು ನಮ್ಮ ಬಾಗಿಲಲ್ಲೇ ನಿಲ್ಲುತ್ತದೆ. ಬಸ್ಸು ಹಿಡಿಯಬೇಕಾದರೆ ಗೌಡರೂ ನಮ್ಮ ಕೇರಿಗೇ ಬರಬೇಕು.

ದೇವದಾನಪ್ಪನವರು ಬೆಂಚಿನ ಮೇಲೆ ಕುಳಿತುಬಿಟ್ಟರು. "ಕಲ್ಲು ಬಿದ್ರ?" ಎಂದರು.

"ಬೀಳಬಹುದು," ಎಂದಳು ಮಾರ್ತವ್ವ. ಸುಳ್ಳು ಧೈರ್ಯ ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

"ಹಂಗಾದ್ರ ಹಾರ್ಮೋನಿಯಂ ನಾನ ಹೊರ್ತೇನಿ. ನೀವು ಯಾರಾದ್ರೂ ಕೆಡವೀರಿ."

ಹಬ್ಬದ ಹಿಂದಿನ ದಿನ ತಾಟು ಹೊರುವ ಹೊತ್ತಿಗೆ ನಮ್ಮ ಹೆಂಗಸರು ಬಾಣಲೆ ಇಟ್ಟರು. ಶೇಂಗಾ ಹುರಿದು ಕುಟ್ಟಿದರು. ಎತ್ತುಗಳ ಪಾಲಿನ ಬೆಲ್ಲವನ್ನು ಹೂರಣಕ್ಕೆ ಹಾಕಿದರು. ಲಟ್ಟಿಸಿ ಲಟ್ಟಿಸಿ ತೋಳು ಬಿದ್ದುಹೋದವು. ಹೊಗೆಗೆ ಕಣ್ಣು ಕೆಂಪಾದವು. ಆದರೆ ಕೂಲಿಯ ಕೆಲಸದಲ್ಲಿ ಇಲ್ಲದ ಹಾಡು ಇಲ್ಲಿತ್ತು. ಕರಿದ ವಾಸನೆಗೆ ಊರಿನ ಕಟ್ಟಳೆ ಗೊತ್ತಿಲ್ಲ. ಅದು ಅಗಸಿ ದಾಟಿ ನೆಟ್ಟಗೆ ದೊಡ್ಡ ಮನೆಗಳೊಳಗೆ ಹೋಯಿತು. ಅದರ ಮೇಲೆ ಯಾರಿಗೂ ನೀರು ಚಿಮುಕಿಸಲಾಗಲಿಲ್ಲ.

ಹಬ್ಬದ ದಿನ ಆರಾಧನೆ ಮುಗಿಸಿ ರಸ್ತೆಗೆ ಬಂದೆವು. ರಸ್ತೆಯ ಪಕ್ಕದ ಬೇವಿನ ಮರದ ಕೆಳಗೆ ಗೋದಲಿ ಇಟ್ಟೆವು. ದೇವದೂತನಾದ ಹುಡುಗ ಮೈಲಿಗಲ್ಲಿನ ಮೇಲೆ ನಿಂತ. ಊರಿನವರು ಕೆಲವರು ದೂರದಲ್ಲಿ, ಅಗಸಿಯ ಬಳಿ ನಿಂತು ನೋಡುತ್ತಿದ್ದರು. ನೋಡುವ ಆಸೆ, ಬರುವ ಅಂಜಿಕೆ. ಶಂಕ್ರಪ್ಪಗೌಡರು ಮಗಳನ್ನು ಇಳಿಸಿಕೊಳ್ಳಲು ಬಂದಿದ್ದರು. ಹಿಂದಿನ ದಿನವೇ ಅವರ ಹೆಂಡತಿ ಸಿದ್ದಲಿಂಗವ್ವ ಶಿರೂರಿಗೆ ಹೋಗಿದ್ದರು, ಮಗಳನ್ನು ಕರೆದುಕೊಂಡು ಈ ಬಸ್ಸಿಗೇ ಬರುವವರಿದ್ದರು. ಗೌಡರು ರಸ್ತೆಯ ಆಚೆ ಬದಿಗೆ ಕೊಡೆ ಹಿಡಿದು, ನಮಗೆ ಬೆನ್ನು ತಿರುಗಿಸಿ ನಿಂತರು. ಹಾಡು ಮಾತ್ರ ಅವರ ಬೆನ್ನಿಗೆ ಕೇಳುತ್ತಿತ್ತು.

ಬಸ್ಸು ಬಂದು ನಿಂತಿತು. ಮಾರ್ತವ್ವ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಾಗಿಲಿಗೆ ಹೋದಳು. ತುಂಬಿದ ಬಸ್ಸು. ಎಲ್ಲರಿಗೂ ಕೇಳುವಂತೆ ಕೂಗಿದಳು.

"ಅಣ್ಣಗೋಳಿರಾ, ಅಕ್ಕಗೋಳಿರಾ! ಇವತ್ತು ನಮ್ಮ ಕಿಸ್ಮಸ್ ಹಬ್ಬ. ಹೋಳಿಗಿ ಅದಾವು, ಕರ್ಚಿಕಾಯಿ ಅದಾವು. ಮೊದಲ ಹೇಳ್ತೇನಿ, ಆಮ್ಯಾಲೆ ಮೋಸ ಮಾಡಿದ್ರು ಅನಬ್ಯಾಡ್ರಿ. ನಾವು ಕೇರಿ ಮಂದಿ. ನಾವ ಲಟ್ಟಿಸಿ, ನಾವ ಬೇಯಿಸೇವಿ. ತಿನ್ನೋರು ಕೈ ನೀಡ್ರಿ. ಒಲ್ಲದವರು ಕಿಟಕಿ ಹಾಕ್ಕೋರಿ."

ಕಿಟಕಿಗಳು ಪಟಪಟನೆ ಬಿದ್ದವು. ಒಬ್ಬ ಕಿಟಕಿ ಹಾಕುವ ಮೊದಲು ಉಗುಳಿದ. ಅವಳ ಸೀರೆಯ ಅಂಚಿಗೆ ಬಿತ್ತು. ಅವಳು ಬುಟ್ಟಿ ಸರಿಸಿದಳು, ತಾನು ಸರಿಯಲಿಲ್ಲ.

ಕಂಡಕ್ಟರ್ ಖಾದರಬಾಷಾ ಕೆಳಗಿಳಿದ. "ಅವ್ವಾ, ಇಲ್ಲಿ ಕೊಡು," ಎಂದ. "ನಮ್ಮ ರಂಜಾನ ಹಬ್ಬಕ್ಕ ನಾ ಸುರಕುಂಬಾ ಪಾಯಸಾ ಒಯ್ದ್ರ 'ಅಲ್ಲೇ ಇಡಪಾ' ಅಂತಾರ. ಇಟ್ಟದ್ದು ಅಲ್ಲೇ ಇರತೈತಿ. ನನಗ ಗೊತ್ತೈತಿ ಇದರ ರುಚಿ." ಒಂದು ಹೋಳಿಗೆಯನ್ನು ಮಡಚಿ ಬಾಯಿಗಿಟ್ಟು, ತುಂಬಿದ ಬಾಯಲ್ಲೇ ಡ್ರೈವರನಿಗೆ ಕೂಗಿದ, "ಲೇ, ಬಂದ್ ಮಾಡಲೇ ಗಾಡಿ! ಇದು ತಿಂದ ಹೊರತು ಸೀಟಿ ಊದಾಕ ಬರೂದಿಲ್ಲ."

ಬಸ್ಸಿನಲ್ಲಿ ನಗು ಎದ್ದಿತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಮುದುಕನೊಬ್ಬ ಬಾಗಿಲಿಗೆ ಬಂದ. "ತಂಗಿ, ನನಗೆರಡು ಹಾಕು."

ಹಿಂದಿನಿಂದ ಯಾರೋ ಅಂದರು, "ಲೇ ಹುಲ್ಲಪ್ಪ, ಕೇರಿದಲೇ ಅದು!"

"ನನ್ನ ಕುರಿ ಯಾವ ಕೇರ್ಯಾಗ ಮೇದು ಬರ್ತಾವ ಅಂತ ಕೇಳಿ ಹಾಲು ಕುಡದೀಯೇನು ನೀ?" ಎಂದ ಹುಲ್ಲಪ್ಪ. ಬೀರಪ್ಪ ದೇವರ ಒಕ್ಕಲಿನ ಕುರುಬ ಅವನು. ಹೋಳಿಗೆ ತಿನ್ನುತ್ತ ನಾಟಕ ನೋಡಲು ಬೇವಿನ ಮರದ ಕೆಳಗೇ ಕುಳಿತುಬಿಟ್ಟ. "ಖರೇ ಕುರುಬ ಬಂದ್ನಲ್ರಿ," ಎಂದು ದೇವದಾನಪ್ಪನವರು ನನ್ನ ಕಿವಿಯಲ್ಲಿ ಹೇಳಿದರು. ಸಂತೋಷಕ್ಕೆ ಅವರ ಹಾರ್ಮೋನಿಯಂ ದಾರಿ ತಪ್ಪಿತು. ಕೈಗಳು ಬಸ್ಸಿನಿಂದ ಹೊರಗೆ ಬಂದವು. ಒಬ್ಬಾಕೆ ಹೋಳಿಗೆ ತೆಗೆದುಕೊಂಡು, ಬರಿಗೈಯಲ್ಲಿ ಕಳಿಸಬಾರದೆಂದು ಅಮೀನಗಡದ ಕರದಂಟು ಬುಟ್ಟಿಗೆ ಹಾಕಿದಳು. ಎಲ್ಲ ಕಿಟಕಿ ತೆರೆಯಲಿಲ್ಲ. ಅರ್ಧಕ್ಕರ್ಧ ಮುಚ್ಚಿಯೇ ಇದ್ದವು. ಅದನ್ನೂ ಬರೆಯಬೇಕು.

ಆಗ ಸಿದ್ದಲಿಂಗವ್ವ ಇಳಿದರು. ಹಿಂದೆ ಮಗಳು ಗುರುಲಿಂಗವ್ವ, ತುಂಬು ಬಸುರಿ, ಹೊಟ್ಟೆಗೆ ಕೈ ಕೊಟ್ಟು ಇಳಿದಳು. ಮಾರ್ತವ್ವ ಬುಟ್ಟಿಯನ್ನು ಹಿಂದಕ್ಕೆ ಸರಿಸಿ ದಾರಿ ಬಿಟ್ಟಳು. ಆಚೆ ಬದಿಯಿಂದ ಗೌಡರು ಈಗ ಇತ್ತ ತಿರುಗಿದ್ದರು.

ಸಿದ್ದಲಿಂಗವ್ವ ಎರಡು ಹೆಜ್ಜೆ ಇಟ್ಟು ನಿಂತರು. "ಮಾರ್ತವ್ವ, ಬಸ್ಸಿನ ಮಂದಿಗೆಲ್ಲ ಕೊಟ್ಟಿ. ನಮಗ್ಯಾಕಿಲ್ಲ?"

"ಗೌಡ್ರು ನಿಂತಾರ್ರಿ ಅವ್ವಾರ."

"ನಿಂತಿರ್ಲಿ. ಅವರ ಕಾಲು, ಅವರು ನಿಂತಾರ." ಅವರು ಗಂಡನ ಕಡೆ ತಿರುಗಿದರು. ದನಿ ಏರಿಸಲಿಲ್ಲ. ಆದರೆ ಎಲ್ಲರಿಗೂ ಕೇಳಿಸಿತು. "ನಿಮಗ ಗೊತ್ತಿಲ್ಲ, ಹೇಳ್ತೇನಿ ಕೇಳ್ರಿ. ಈಕಿನ್ನ ಹಡದಾಗ ನಿಮ್ಮವ್ವ ಹೆಣ್ಣು ಹುಟ್ಟಿತು ಅಂತ ಒಲಿ ಹಚ್ಚಗೊಡಲಿಲ್ಲ. ನಾ ಕೋಣ್ಯಾಗ ಹಸದು ಬಿದ್ದಿದ್ದೆ. ಮಾರ್ತವ್ವ ತನ್ನ ಮನ್ಯಾಗ ಗಂಜಿ ಕಾಸಿ, ಸೆರಗಿನ್ಯಾಗ ಮುಚ್ಚಿ ತಂದು ಕುಡಿಸಿದ್ಲು. ಬಾಗಲಾ ಹಾಕ್ಕೊಂಡು ಕುಡದೆ. ನಿಮ್ಮ ಮಗಳು ಆ ಗಂಜಿ ಮ್ಯಾಲೆ ಬೆಳದಾಕಿ. ಕೋಣ್ಯಾಗ ಉಂಡಾಕಿ, ಬೀದ್ಯಾಗ ಉಂಡ್ರ ಏನಾತು?"

ನನಗೂ ಇದು ಗೊತ್ತಿರಲಿಲ್ಲ. ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದೆವು, ಮಾರ್ತವ್ವ ನನಗೆ ಹೇಳಿರಲಿಲ್ಲ. ಚಾವಡಿಯಲ್ಲಿ ಈ ಒಂದು ಮಾತು ಆಡಿದ್ದರೆ ಗೌಡರ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಅವಳು ಆಡಲಿಲ್ಲ. ಬಾಣಂತಿ ಕೋಣೆಯ ಮಾತನ್ನು ಹೊರಗೆ ತರುವುದು ಬಾಣಂತಿಗೆ ಸೇರಿದ್ದು, ಸೂಲಗಿತ್ತಿಗಲ್ಲ. ಕೂಲಿ ಹೋದರೂ, ಬಯಲು ಹೋದರೂ ಅವಳು ಅದನ್ನು ಬಿಟ್ಟುಕೊಡಲಿಲ್ಲ.

ಸಿದ್ದಲಿಂಗವ್ವ ಬುಟ್ಟಿಗೆ ಕೈ ಹಾಕಿ ತಾವೇ ಒಂದು ಹೋಳಿಗೆ ತೆಗೆದುಕೊಂಡು ರಸ್ತೆಯ ನಡುವೆ ನಿಂತು ತಿಂದರು. ನೀರು ಚಿಮುಕಿಸಲಿಲ್ಲ. ಗುರುಲಿಂಗವ್ವ ಕೇಳಲೂ ಇಲ್ಲ. ಎರಡು ಕೈಯಲ್ಲಿ ಎರಡು ಕರ್ಚಿಕಾಯಿ ಹಿಡಿದಿದ್ದಳು. "ಶಿರೂರ ಬಿಟ್ಟಾಗಿಂದ ಹಸವ್ಯಾಗೈತಿ, ಆಯೀ," ಎಂದಳು. ಮಾರ್ತವ್ವ ಅವಳ ಸೆರಗಿನ ತುಂಬ ಹಾಕಿದಳು. ಹಾಕುವಾಗ ಅವಳ ಕಣ್ಣು ತುಂಬಿತ್ತು. "ಒಲಿ ಹೊಗಿ ಇನ್ನೂ ಕಣ್ಣಾಗ ಐತ್ರಿ," ಎಂದಳು.

ಬಸ್ಸಿನ ಮೇಲಿನಿಂದ ಟ್ರಂಕು ಇಳಿಯಿತು. ದೊಡ್ಡ ಟ್ರಂಕು, ಬಾಣಂತನದ ಸಾಮಾನು ತುಂಬಿದ್ದು. ಬಸ್ಸಿನಿಂದ ಇಳಿದ ದೊಡ್ಡ ಮನೆಯ ಸಾಮಾನನ್ನು ಹೊರುವುದು ನಮ್ಮ ಗಂಡಸರ ಕೆಲಸ. ಯಾರೂ ಕರೆಯಬೇಕಾಗಿರಲಿಲ್ಲ. ಟ್ರಂಕು ನೆಲಕ್ಕೆ ತಾಗುವ ಮೊದಲೇ ಯಾರೋ ಒಬ್ಬ ತಲೆ ಕೊಡುತ್ತಿದ್ದ.

ಗೌಡರು ರಸ್ತೆ ದಾಟಿ ಬಂದು ಟ್ರಂಕಿನ ಬಳಿ ನಿಂತರು. ನಮ್ಮ ಕಡೆ ನೋಡಿದರು. ನಮ್ಮ ಗಂಡಸರು ಬೇವಿನ ಮರದ ಕೆಳಗೆ ಹುಲ್ಲಪ್ಪನ ಜೊತೆ ಸಾಲಾಗಿ ಕುಳಿತು ಹೋಳಿಗೆ ತಿನ್ನುತ್ತಿದ್ದರು. ಒಬ್ಬ ಏಳಲು ಮಂಡಿ ಎತ್ತಿದ. ರೂಢಿ. ಪಕ್ಕದವನು ಅವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದ. ಅವನು ಮತ್ತೆ ಕುಳಿತ.

"ಏ, ಯಾರರೆ ಬರ್ರೋ," ಎಂದರು ಗೌಡರು.

ಯಾರೂ ಏಳಲಿಲ್ಲ. ನಾನು ಸಭೆಯ ಹಿರಿಯ, ಉತ್ತರ ಕೊಡಬೇಕಾದವನು ನಾನೇ. "ಇವತ್ತು ನಮ್ಮ ಹಬ್ಬರಿ," ಎಂದೆ.

"ನೋಡ್ತೀರೇನು?" ಎಂದರು ಸಿದ್ದಲಿಂಗವ್ವ ಗಂಡನಿಗೆ. "ಅವರ ಹಬ್ಬ ಐತಂತ. ಎತ್ತಗೋರಿ. ಹುಡುಗಿ ಎಷ್ಟ್ಹೊತ್ತು ನಿಲ್ಲಬೇಕು?"

ಖಾದರಬಾಷಾ ಬಾಯಿ ಒರೆಸಿಕೊಂಡು ಬಂದು ಟ್ರಂಕಿನ ಒಂದು ಬದಿ ಹಿಡಿದು ಎತ್ತಿಕೊಟ್ಟ. ಗೌಡರು ಕೊಡೆ ಮಡಚಿ ಕಂಕುಳಲ್ಲಿಟ್ಟುಕೊಂಡರು. ಟ್ರಂಕು ಅವರ ರುಮಾಲಿನ ಮೇಲೆ ಕುಳಿತಿತು. ಕುತ್ತಿಗೆ ಒಳಗೆ ಹೋಯಿತು, ಮಂಡಿ ಬಾಗಿತು. ಮುಂದೆ ಮಗಳು ಕರ್ಚಿಕಾಯಿ ಕಡಿಯುತ್ತ ಅಗಸಿಯ ಕಡೆ ನಡೆದಳು. ಹಿಂದೆ ಗೌಡರು ಹೊರಟರು.

"ಗೌಡ್ರ, ಸಾವಕಾಶ ಹೋಗ್ರಿ!" ಮಾರ್ತವ್ವ ಕೂಗಿದಳು. "ಭಾರಾ ಹೊತ್ತು ಹೊಕ್ಕಳ ಸರದ್ರ ಹೇಳಿ ಕಳಸ್ರಿ, ನಾ ಬರ್ತೇನಿ!"

ರಸ್ತೆಯೆಲ್ಲ ನಕ್ಕಿತು. ಬಸ್ಸಿನ ಮುಚ್ಚಿದ ಕಿಟಕಿಗಳಲ್ಲಿ ಎರಡು ಮೂರು ಏನಾಯಿತೆಂದು ನೋಡಲು ಮೇಲೆದ್ದವು. ಗೌಡರು ತಿರುಗಿ ನೋಡಲಿಲ್ಲ. ತಲೆಯ ಮೇಲೆ ಭಾರ ಇದ್ದವನಿಗೆ ತಿರುಗಿ ನೋಡಲು ಬರುವುದಿಲ್ಲ. ಅದು ನಮಗೆ ಮೊದಲಿನಿಂದ ಗೊತ್ತಿತ್ತು. ಅವರಿಗೆ ಅಂದು ಗೊತ್ತಾಯಿತು.